ನಿಶಾಚರನ ಎರಡನೇ ಭಾಗ

ದೇವಿಂದ್ರಪ್ಪನಿಗೆ ಆ ದಿನ ಬಂದ ಪಾಡಿಗೆಲ್ಲ ಒಂದು ಹಿತ್ತಾಳೆ ಬಟ್ಟಲು ಕಾರಣ. ಅದೇನು ದೊಡ್ಡ ಬಟ್ಟಲಲ್ಲ. ಅಂಚಿನಲ್ಲಿ ಒಂದು ಕಡೆ ನೆಗ್ಗಿದ, ಒಂದು ಹಿಡಿ ಚಟ್ನಿಪುಡಿ ಹಿಡಿಸುವಂಥ ಸಾದಾ ಬಟ್ಟಲು. ಬ್ರಹ್ಮಪುರದ ಓಣಿಯಲ್ಲಿ ಅವನ ಮನೆಗೂ ಎದುರಿನ ಜಯದೇವಿಯ ಮನೆಗೂ ನಡುವೆ ಅದು ವರ್ಷಗಳಿಂದ ಟಪಾಲಿನವನ ಹಾಗೆ ಓಡಾಡಿಕೊಂಡಿತ್ತು.

ದೇವಿಂದ್ರಪ್ಪನ ಹೆಂಡತಿ ಅಮೃತ ಮತ್ತು ಈ ಜಯದೇವಿ ಇಬ್ಬರೂ ಕಮಲಾಪುರದವರು. ಒಂದೇ ಬಾವಿಯ ನೀರು ಸೇದಿ ಬೆಳೆದು, ಒಂದೇ ವರ್ಷ ಮದುವೆಯಾಗಿ, ಒಂದೇ ಓಣಿಗೆ ಸೊಸೆಯರಾಗಿ ಬಂದವರು. ಬಂದ ಹೊಸದರಲ್ಲಿ ಒಬ್ಬಳು ಆ ಬಟ್ಟಲಿನಲ್ಲಿ ಶೇಂಗಾ ಚಟ್ನಿ ಕಳಿಸಿದಳು. ಕೊಟ್ಟವರ ಪಾತ್ರೆಯನ್ನು ಬರಿದಾಗಿ ತಿರುಗಿಸುವ ಪದ್ಧತಿ ನಮ್ಮ ಕಡೆ ಇಲ್ಲವಲ್ಲ, ಇನ್ನೊಬ್ಬಳು ಅದರಲ್ಲಿ ಉಂಡಿ ಇಟ್ಟು ಕಳಿಸಿದಳು. ಉಂಡಿ ಬಂದ ಮೇಲೆ ಈಕೆ ಬರೀ ಚಟ್ನಿ ಕಳಿಸಿಯಾಳೇ? ಹೋಳಿಗೆ ಹೋಯಿತು. ಹೋಳಿಗೆಗೆ ಪ್ರತಿಯಾಗಿ ಮಾದಲಿ ಬಂತು. ಈಗ ಅದು ಮೂಲದಲ್ಲಿ ಯಾರ ಮನೆಯ ಬಟ್ಟಲೆಂಬುದು ಇಬ್ಬರಿಗೂ ನೆನಪಿರಲಿಲ್ಲ. ಕೇಳುವಂತೆಯೂ ಇರಲಿಲ್ಲ.

ದೇವಿಂದ್ರಪ್ಪ ಅದಾಲತ್ತಿನಲ್ಲಿ ನಕಲು ಬರೆಯುವ ಗುಮಾಸ್ತ. ದಿನವಿಡೀ ಊರವರ ಜಗಳಗಳನ್ನು ಉರ್ದುವಿನಲ್ಲಿ ನಕಲು ಮಾಡುತ್ತಿದ್ದ. ಮನೆಗೆ ಬಂದ ಮೇಲೆ ಕನ್ನಡದಲ್ಲಿ ಪತ್ತೇದಾರಿ ಕತೆ ಬರೆಯುತ್ತಿದ್ದ. ಕಚೇರಿಯವರಿಗೂ ಮನೆಯವರಿಗೂ ಇದು ತಿಳಿಯದಿರಲೆಂದು 'ನಿಶಾಚರ' ಎಂಬ ಹೆಸರು ಇಟ್ಟುಕೊಂಡಿದ್ದ. ಧಾರವಾಡದ ಒಂದು ಮಾಸಿಕಕ್ಕೆ ಅವನು ಕಳಿಸಿದ ಕತೆಗಳೆಲ್ಲ ಹೋದ ದಾರಿಯಲ್ಲೇ ವಾಪಸು ಬಂದಿದ್ದವು. "ನಿಮ್ಮ ಕೊಲೆಗಾರರೆಲ್ಲ ಮೀಸೆ ತಿರುವುತ್ತ ಕುದುರೆ ಏರಿ ಬರುತ್ತಾರೆ. ಓದುವವರಿಗೆ ಸಾಕಾಗಿದೆ. ಮನೆಯೊಳಗೇ ಹೆದರಿಕೆ ಹುಟ್ಟಿಸುವಂಥದ್ದು ಏನಾದರೂ ಇದ್ದರೆ ನೋಡಿ" ಎಂದು ಸಂಪಾದಕರು ಬುದ್ಧಿ ಹೇಳಿದ್ದರು.

ಅವನು ಮನೆಯೊಳಗೇ ನೋಡಿದ. ಒಂದು ಮಧ್ಯಾಹ್ನ ಜಯದೇವಿ ಬಟ್ಟಲು ಕೊಟ್ಟು, ನಕ್ಕು ಹೋದಳು. ಅಮೃತಳೂ ನಕ್ಕಳು. ಗೆಳತಿ ಹೊಸ್ತಿಲು ದಾಟಿದ ಮೇಲೆ ಮೇಲಿನ ಎಲೆ ಸರಿಸಿ, "ಈ ಸಲ ಗೋಡಂಬಿ ಹಾಕ್ಯಾಳ" ಎಂದಳು. ಆಗ ಅವಳ ಮುಖದಲ್ಲಿ ನಗು ಇರಲಿಲ್ಲ. ದೇವಿಂದ್ರಪ್ಪನ ತಲೆಯೊಳಗೆ ಕಂದೀಲು ಹೊತ್ತಿಕೊಂಡಿತು. ಇಷ್ಟು ಹತ್ತಿರದ ಗೆಳೆತನದ ಒಳಗೆ ಒಂದು ಕೊಲೆ ಆರಾಮಾಗಿ ಕೂತಿರಬಹುದಲ್ಲ!

ಹಾಗೆ ಹುಟ್ಟಿದ್ದೇ 'ಗೆಳತಿಯ ಬಟ್ಟಲು.' ಕಮಲಾ, ವಿಮಲಾ ಎಂಬ ಇಬ್ಬರು ಪ್ರಾಣಸ್ನೇಹಿತೆಯರು. ವಿಮಲಾ ಬಟ್ಟಲಿನಲ್ಲಿ ವಿಷವಿಟ್ಟು ಕಮಲಾಳನ್ನು ಕೊಲ್ಲುತ್ತಾಳೆ. ಯಾಕೆ? ಇಲ್ಲಿ ಮಾತ್ರ ದೇವಿಂದ್ರಪ್ಪ ತಿಣುಕಾಡಿದ. ಎಷ್ಟು ಯೋಚಿಸಿದರೂ ಕಾರಣ ಹೊಳೆಯದೆ, ಕೊನೆಗೆ ಕಮಲಾಳ ಗಂಡ, ಗುಂಗುರು ಕೂದಲಿನ ವಕೀಲ ದೇವೇಂದ್ರನಾಥನ ಮೇಲೆ ವಿಮಲಾಳಿಗೆ ಮೋಹವಿತ್ತು ಎಂದು ಬರೆದು ಕೈ ತೊಳೆದುಕೊಂಡ. ಸಂಪಾದಕರು ಮೊದಲ ಭಾಗವನ್ನು ಅಚ್ಚಿಗೆ ತೆಗೆದುಕೊಂಡರು. ಆದರೆ, "ಮೋಹದ ಕಾರಣ ಜಾಳಾಗಿದೆ. ಎರಡನೇ ಭಾಗದಲ್ಲಿ ನಿಜವಾದ ಕಾರಣ ಹೊರಬೀಳಲಿ. ಬೀಳದಿದ್ದರೆ ಕತೆ ಇಷ್ಟಕ್ಕೇ ನಿಲ್ಲಿಸೋಣ" ಎಂದು ಹೇಳಿ ಕಳಿಸಿದ್ದರು. ಆ ನಿಜವಾದ ಕಾರಣಕ್ಕಾಗಿ ದೇವಿಂದ್ರಪ್ಪ ತಿಂಗಳಿಂದ ಉಗುರು ಕಚ್ಚುತ್ತಿದ್ದ.

ಅಂದು ಶುಕ್ರವಾರ, ಕಚೇರಿಗೆ ವಾರದ ರಜೆ. ಅಮೃತ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು, ಜಯದೇವಿಯ ಜೊತೆ ಬೆಳಗಿನ ಮೋಟಾರಿಗೇ ಕಮಲಾಪುರಕ್ಕೆ ಹೋಗಿದ್ದಳು. ಬೇಸಿಗೆ ಬಂತೆಂದರೆ ಅಲ್ಲಿ ಅವಳ ತಾಯಿ ಪುತಳಾಬಾಯಿ ಶಾವಿಗೆ ಹಾಕಿಸುತ್ತಾಳೆ. ಶಾವಿಗೆ ಒಬ್ಬಿಬ್ಬರ ಕೆಲಸವಲ್ಲ, ಓಣಿಯ ಹೆಂಗಸರೆಲ್ಲ ಸೇರಬೇಕು. ದೇವಿಂದ್ರಪ್ಪ ಅಂಗಿ ತೊಟ್ಟುಕೊಂಡು, ತನ್ನ ಕತೆಯನ್ನು ಅಚ್ಚಿನಲ್ಲಿ ನೋಡುವ ಆಸೆಯಿಂದ, ಗಂಜ್ ಹತ್ತಿರದ ಅಂಬಣ್ಣನ ಅಂಗಡಿಗೆ ಹೋದ. ಸ್ಲೇಟು, ಶಾಯಿ, ಊದಿನಕಡ್ಡಿಗಳ ಜೊತೆ ಅಂಬಣ್ಣ ಮಾಸಿಕಗಳನ್ನೂ ತರಿಸುತ್ತಿದ್ದ.

"ಧಾರವಾಡದ ಮಾಸಿಕ ಬಂತೇನು ಅಂಬಣ್ಣ?"

"ನಿನ್ನೇನೇ ರೈಲಿಗೆ ಬಂತರೀ. ಖಲಾಸೂ ಆತು."

"ಖಲಾಸ್?"

"ಈ ಸಲ ಅದ್ಯಾವದೋ ವಿಷದ ಕತಿ ಬಂದದಂತ್ರೀ. ಕೈಯಾಗ ಹಿಡದವ್ರು ವಾಪಸ್ ಇಡವಲ್ರು."

ದೇವಿಂದ್ರಪ್ಪ ಎಣ್ಣೆಗೆ ಬಿದ್ದ ಪೂರಿಯ ಹಾಗೆ ಉಬ್ಬಿದ. "ಯಾರು ಬರದಾರಂತ?"

"ಯಾವನೋ ನಿಶಾಚರ. ಹೆಸರ ಕೇಳಿದ್ರ ಕನ್ನ ಹಾಕಾವ ಇದ್ದಂಗ ಅದಾನ. ನಿಮ್ಮ ಓಣಿ ಲಲಿತಾಬಾಯಿ ಒಂದು ಒಯ್ದಾರ ನೋಡ್ರಿ. ಇವತ್ತು ನಿಮ್ಮ ಮನಿಯವ್ರ ಜೋಡಿ ಕಮಲಾಪುರಕ್ಕ ಹೋಗ್ಯಾರಲ್ಲ, ಶ್ಯಾವಗಿ ಹಾಕೋ ಮುಂದ ಎಲ್ಲಾರಿಗೂ ಓದಿ ಹೇಳ್ತಾರಂತ. ನಿಮಗ ಬೇಕಿದ್ರ ಅವ್ರ ಕಡೀಂದ ಇಸ್ಕೋರಿ."

ಪೂರಿ ಅಲ್ಲೇ ಚಪ್ಪಟೆಯಾಯಿತು.

ಅಮೃತಳಿಗೆ ಓದು ಬರುವುದಿಲ್ಲ. ಈ ಒಂದು ಧೈರ್ಯದ ಮೇಲೆ ದೇವಿಂದ್ರಪ್ಪ ಕತೆ ಬರೆದಿದ್ದ. ಧಾರವಾಡ ತವರಿನ ಲಲಿತಾಬಾಯಿಗೆ ಓದು ಬರುತ್ತದೆ, ಅವಳಿಗೊಂದು ಬಾಯಿಯೂ ಇದೆ, ಎಂಬುದು ಅವನ ಲೆಕ್ಕಕ್ಕೆ ಬಂದಿರಲಿಲ್ಲ. ಊರನ್ನು ಪುಣೆ ಮಾಡಿದ್ದ. ಹಿತ್ತಾಳೆಯನ್ನು ಬೆಳ್ಳಿ ಮಾಡಿದ್ದ. ನೆಗ್ಗನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದ. ಅಂಥ ಒಳ್ಳೆಯ ನೆಗ್ಗು ಕೈಗೆ ಸಿಕ್ಕ ಮೇಲೆ ಬಿಡಲು ಬರೆಯುವವನಿಗೆ ಮನಸ್ಸು ಬರುವುದಿಲ್ಲ. ಆ ನೆಗ್ಗಿನ ಮಾತು ಕೇಳಿದ ಕೂಡಲೇ ಇಬ್ಬರಿಗೂ ತಿಳಿಯುತ್ತದೆ. ಒಬ್ಬಳು ಇನ್ನೊಬ್ಬಳನ್ನು ಕೊಲ್ಲುವವಳ ಹಾಗೆ ನೋಡುತ್ತಾಳೆ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಅಮೃತ ಮೊದಲು ನೋಡುವುದು ಎದುರಿನ ಬಾಗಿಲನ್ನು. ಆ ಬಾಗಿಲು ಮುಚ್ಚಿಕೊಂಡರೆ ತನ್ನ ಮನೆಯೊಳಗೂ ಬೆಳಕು ಬರಲಾರದು ಎಂಬುದು ದೇವಿಂದ್ರಪ್ಪನಿಗೆ ಗೊತ್ತಿತ್ತು.

ರುಮಾಲು ಸುತ್ತಿಕೊಳ್ಳಲು ಅವನು ಓಣಿಗೆ ಓಡಿ ಬಂದರೆ, ಲಲಿತಾಬಾಯಿಯ ಪಕ್ಕದ ಮನೆಯ ಮುದುಕಿ ಯಮನಮ್ಮ ಕಟ್ಟೆಯ ಮೇಲೆ ಕೂತು ತಡೆದಳು.

"ಏನೋ ದೇವಿಂದ್ರಪ್ಪ, ಬಣಿವಿಗೆ ಬೆಂಕಿ ಬಿದ್ದಂಗ ಓಡಾಕತ್ತೀದಿ?"

"ಏನಿಲ್ಲ ಯಮನಮ್ಮಾಯಿ, ಕಮಲಾಪುರಕ್ಕ ಹೊಂಟೀನಿ."

"ಹೋಗಿ ಬಾ. ಇಲ್ಲಿ ಕೇಳು, ನಿನ್ನಿ ಸಂಜಿಮುಂದ ಲಲಿತಾಬಾಯಿ ಮನ್ಯಾಗ ಏನೋ ಓದಾಕತ್ತಿದ್ರು. ನಾ ಗ್ವಾಡಿಗೆ ಕಿವಿ ಹಚ್ಚಿ ಕೂತಿದ್ದೆ. ಗೆಳತಿ ಗೆಳತಿಗೇ ವಿಷಾ ಹಾಕ್ತಾಳಂತಪ್ಪ! ನನಗ ಇಲ್ಲಿ ಎದಿ ಡವಡವ. ಒಳಗ ನೋಡಿದ್ರ ಬಿದ್ದ ಬಿದ್ದ ನಗಾಕತ್ತಾರ."

"ನಗೂದಾ?" ದೇವಿಂದ್ರಪ್ಪ ಗಕ್ಕನೆ ನಿಂತ. "ಎಲ್ಲಿ ನಕ್ರು? ಯಾವ ಮಾತಿಗೆ?"

"ಅದ್ಯಾರೋ ಗುಂಗುರುಗೂದಲದ ವಕೀಲ ಬಂದ್ನಲ್ಲ, ಅಲ್ಲಿಂದ ನಿಲ್ಲಲೇ ಇಲ್ಲ ನೋಡು."

ನಕ್ಕವರು ಯಾರು ಎಂದು ಕೇಳಬೇಕಾಗಿತ್ತು. ಆದರೆ ಅವನೊಳಗಿನ ನಿಶಾಚರನಿಗೆ ಪೆಟ್ಟು ಬಿದ್ದಿತ್ತು. ಗುಂಗುರು ಕೂದಲಿನಲ್ಲಿ ನಗುವಂಥದ್ದೇನಿದೆ ಎಂದು ಯೋಚಿಸುತ್ತಲೇ ಅವನು ಮೋಟಾರು ಹತ್ತಿದ.

ಮೋಟಾರಿನಲ್ಲಿ ಒಂದು ಕಡೆ ತೊಗರಿಬೇಳೆಯ ಚೀಲ, ಇನ್ನೊಂದು ಕಡೆ ಅದಕ್ಕಿಂತ ಅಗಲವಾದ ಒಬ್ಬ ಸಾವಕಾರ. ನಡುವೆ ಒತ್ತಿದ ಉಪ್ಪಿನಕಾಯಿಯಾಗಿ ಕೂತು ದೇವಿಂದ್ರಪ್ಪ ನೆವ ಹುಡುಕತೊಡಗಿದ. ಹೇಳದೆ ಕೇಳದೆ ಅಳಿಯ ಅತ್ತೆಯ ಮನೆಗೆ ಹೋಗುವುದೆಂದರೆ ಒಂದೋ ಹಬ್ಬವಿರಬೇಕು, ಇಲ್ಲ ಸಾವಿರಬೇಕು. ಎರಡೂ ಇರಲಿಲ್ಲ. ಜೇಬಿಗೆ ಕೈ ಹಾಕಿದ. ಹಲ್ಲು ಮುರಿದ ತನ್ನ ಹಣಿಗೆಯೊಂದು ಸಿಕ್ಕಿತು. ಇರಲಿ, ಅದೇ ಸೈ ಎಂದುಕೊಂಡ.

ಪುತಳಾಬಾಯಿ ಬಾಗಿಲಲ್ಲೇ ಎದುರಾದಳು.

"ಅಯ್ಯ, ಅಳಿಯಾರು! ಬರ್ರಿ ಬರ್ರಿ. ಯಾಕ್ರೀ, ಎಲ್ಲಾರೂ ಆರಾಮ ಅದಾರಲ್ಲ?"

"ಆರಾಮ ಅದಾರ ಅತ್ತಿ. ಅದೇನಂದ್ರ... ಅಮೃತಾ ಹಣಿಗಿ ಬಿಟ್ಟು ಬಂದಾಳ."

"ಏನು?"

"ಹಣಿಗಿ. ತಲಿ ಹೆಂಗ ಬಾಚ್ಕೋತಾಳ ಅಂತ ತಗೊಂಡು ಬಂದೆ."

"ಸಂಜಿಗೆ ಅಲ್ಲೇ ಮನಿಗೇ ಬರ್ತಾಳಲ್ರಿ ಅಕಿ?"

"ಅಲ್ಲೀತನ..."

ಪುತಳಾಬಾಯಿ ಹಣಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅದು ಗಂಡಸರ ಹಣಿಗೆ ಎಂದು ತಿಳಿಯಲು ಬಹಳ ಜಾಣತನವೇನೂ ಬೇಕಿರಲಿಲ್ಲ. "ಇಷ್ಟಕ್ಕ ಮೋಟಾರ ಹತ್ತಿ ಬಂದ್ರಿ! ನಮ್ಮ ಹುಡುಗಿ ಏನ್ ಪುಣ್ಯಾ ಮಾಡಿದ್ಲೋ" ಎಂದು ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಅವಳ ಭುಜಗಳು ಅಲುಗಿದವು. ಮುದುಕಿಗೆ ಅಳು ಬಂದದ್ದನ್ನು ಕಂಡು ದೇವಿಂದ್ರಪ್ಪನಿಗೆ ನಾಚಿಕೆಯಾಯಿತು.

ಹಿತ್ತಲಿನಿಂದ ಹೆಂಗಸರ ಗಲಗಲ ಕೇಳಿಸುತ್ತಿತ್ತು. ಅವನು ಅತ್ತ ಹೆಜ್ಜೆ ಇಟ್ಟ. "ಕೈಕಾಲು ತೊಳ್ಕೊಂಡು ಬರ್ತೀನಿ ಅತ್ತಿ."

"ನೀವ್ಯಾಕ ಹಿತ್ತಲಕ್ಕ ಹೋಗ್ತೀರಿ, ಅಲ್ಲೆಲ್ಲ ಹೆಂಗಸರು ಕೂತಾರ. ನೀರು ಇಲ್ಲೇ ತರ್ತೀನಿ."

ನೀರು ಬಂತು. ಕಂಬಳಿ ಹಾಸಿ, ಗೋಡೆಗೊಂದು ತಲೆದಿಂಬು ಆನಿಸಿ, ಅಳಿಯನನ್ನು ಪಡಸಾಲೆಯಲ್ಲಿ ದೇವರ ಹಾಗೆ ಪ್ರತಿಷ್ಠಾಪನೆ ಮಾಡಿದಳು. ನೈವೇದ್ಯಕ್ಕೆ ಊರಿನ ಕೆಂಪು ಬಾಳೆಹಣ್ಣಿನ ಚಿಪ್ಪು ಬಂತು. ಒಂದನ್ನು ಅವಸರದಲ್ಲಿ ನುಂಗಿ, "ಸಿಪ್ಪಿ ಒಗದು ಬರ್ತೀನಿ" ಎಂದು ಎದ್ದ. "ಇಲ್ಲೇ ಇಡ್ರಿ, ಎಮ್ಮಿಗೆ ಆಗ್ತದ" ಎಂದಳು. ಇನ್ನೊಂದು ನುಂಗಿದ. "ಕಾಲು ಹಿಡ್ಕೊಂಡಾವ, ಸ್ವಲ್ಪ ಅಡ್ಡಾಡ್ತೀನಿ." "ಅಂಗಳದಾಗ ಅಡ್ಡಾಡ್ರಿ, ಬೇವಿನ ನೆರಳದ." ಕಳ್ಳನನ್ನು ಕಾಯುವ ಜವಾನರು ಇಷ್ಟು ಎಚ್ಚರವಾಗಿರುವುದನ್ನು ದೇವಿಂದ್ರಪ್ಪ ಅದಾಲತ್ತಿನಲ್ಲೂ ಕಂಡಿರಲಿಲ್ಲ. ನಾಲ್ಕನೇ ಹಣ್ಣಿಗೆ ಬರುವ ಹೊತ್ತಿಗೆ ಪುತಳಾಬಾಯಿ ಬೆಲ್ಲ ತರಲು ಒಳಗೆ ಹೋದಳು. ಅವನು ಸಿಪ್ಪೆಯನ್ನು ಕೈಯಲ್ಲೇ ಹಿಡಿದು, ಬೆಕ್ಕಿನ ಹೆಜ್ಜೆಯಲ್ಲಿ ಹಿತ್ತಲ ಬಾಗಿಲಿಗೆ ಹೋಗಿ ಸಂದಿಗೆ ಕಣ್ಣು ಹಚ್ಚಿದ.

ಕೆಲವರು ಕಣಕ ನಾದುತ್ತಿದ್ದರು, ಕೆಲವರು ಶಾವಿಗೆ ಮಣೆಯ ಮೇಲೆ ಹೊಸೆಯುತ್ತಿದ್ದರು. ಎಳೆಗಳು ಇಳಿದಂತೆಲ್ಲ ಒಬ್ಬಳು ಅವನ್ನು ಕೋಲಿನ ಮೇಲೆ ಹಾಕುತ್ತಿದ್ದಳು. ಮಣೆಯ ಮೇಲ್ತುದಿಯಲ್ಲಿ ಜಯದೇವಿ ಹೊಸೆಯುತ್ತಿದ್ದಳು. ಕೆಳಗೆ ಅಮೃತ ಎಳೆ ಹಿಡಿಯುತ್ತಿದ್ದಳು. ನಡುವೆ ಕನ್ನಡಕ ಏರಿಸಿಕೊಂಡ ಲಲಿತಾಬಾಯಿ ಮಾಸಿಕವನ್ನು ಎತ್ತಿ ಹಿಡಿದು, ನಾಟಕದ ದನಿಯಲ್ಲಿ ಓದುತ್ತಿದ್ದಳು.

"'ವಿಮಲೆಯ ತುಟಿಗಳ ಮೇಲೆ ಸರ್ಪದಂಥ ನಗೆಯೊಂದು ಹರಿಯಿತು. ಅವಳು ಬಟ್ಟಲನ್ನು ಮುಂದೆ ಚಾಚಿದಳು. ಅಂಚಿನ ನೆಗ್ಗು ಸಂಜೆಯ ಬೆಳಕಿನಲ್ಲಿ ಮಿನುಗಿತು. ತಿನ್ನು, ಗೆಳತಿ, ಎಂದಳು. ಅವಳ ಮನಸ್ಸಿನಲ್ಲಿ ಮಾತ್ರ ವಕೀಲ ದೇವೇಂದ್ರನಾಥರ ಗುಂಗುರು ಕೂದಲು, ವಿಶಾಲವಾದ ವಕ್ಷಸ್ಥಳ...'"

ನೆಗ್ಗು ಬಂತು, ಹೋಯಿತು. ಇಬ್ಬರಲ್ಲಿ ಒಬ್ಬಳೂ ತಲೆ ಎತ್ತಲಿಲ್ಲ! ಗುರುತು ಸಿಗಲಿಲ್ಲ! ದೇವಿಂದ್ರಪ್ಪ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿದ. ಆಗಲೇ ವಾಪಸು ಹೋಗಿ ಬೆಲ್ಲ ತಿಂದಿದ್ದರೆ ಎಲ್ಲವೂ ಸುಖವಾಗಿ ಮುಗಿಯುತ್ತಿತ್ತು.

"ಅಯ್ಯ ಮಾರಾಯ್ತಿ," ಜಯದೇವಿ ಅಂದಳು, "ಒಬ್ಬ ಗಂಡಸಿನ ಸಲುವಾಗಿ ಗೆಳತೀನ ಕೊಲ್ತಾಳಂತ? ಗಂಡನ್ನ ಅಪ್ಪ ಹುಡುಕಿ ಕೊಡ್ತಾನ. ಗೆಳತೀನ ನಾವೇ ಹುಡುಕ್ಕೋಬೇಕು. ಯಾವುದು ತುಟ್ಟಿ?"

"ಅಲ್ಲ, ಈ ನಿಶಾಚರ ಯಾವನಿರಬೇಕಂತೀನಿ," ಅಮೃತ ಅಂದಳು. "ಅರ್ಧಾ ಬಾಗಲ ಸಂದಿಲಿಂದ ಕೇಳಿ ಬರದಾನ. ಬಾಕಿ ಅರ್ಧಾ ಕನ್ನಡಿ ಮುಂದ ನಿಂತು ಬರದಾನ."

ಹೆಂಗಸರೆಲ್ಲ ಗೊಳ್ಳೆಂದರು. ಬಾಗಿಲ ಸಂದಿಯಲ್ಲಿದ್ದ ಕಣ್ಣು ಕೆಂಪಾಯಿತು.

"ವಕ್ಷಸ್ಥಳ ವಿಶಾಲ ಅಂತಾನಲ್ಲ, ಇವಂದೇ ಕೋಳಿ ಎದಿ ಇರಬೇಕು," ಜಯದೇವಿ ಅಂದಳು.

"ತಲಿ ಬೋಳು," ಅಮೃತ ಅಂದಳು.

"ದಡ್ಡ," ಲಲಿತಾಬಾಯಿ ತೀರ್ಪು ಕೊಟ್ಟಳು.

"ಅಂವ ದಡ್ಡ ಅಲ್ಲ!"

ಬಾಗಿಲು ಧಡಾರನೆ ತೆರೆದುಕೊಂಡಿತು. ಕೈಯಲ್ಲಿ ಬಾಳೆಹಣ್ಣಿನ ಸಿಪ್ಪೆ ಹಿಡಿದುಕೊಂಡು ದೇವಿಂದ್ರಪ್ಪ ಹಿತ್ತಲಿನ ನಟ್ಟನಡುವೆ ನಿಂತಿದ್ದ. ಹೆಂಗಸರು ಸೆರಗು ಸರಿಮಾಡಿಕೊಂಡರು.

"ದಡ್ಡ ಅಲ್ಲ ಅಂತ ನಿಮಗ ಹೆಂಗ ಗೊತ್ತರೀ?" ಅಮೃತ ಕೇಳಿದಳು.

"ಯಾಕಂದ್ರ... ಯಾಕಂದ್ರ ನಾನೇ ನಿಶಾಚರ."

ಅಮೃತ ಕೈಯಲ್ಲಿದ್ದ ಎಳೆಗಳನ್ನು ಕೋಲಿಗೆ ಹಾಕಿ ಎದ್ದಳು. "ಹಂಗಾದ್ರ ಇದು ನಮ್ಮ ಬಟ್ಟಲು."

"ಕತಿ ಅದು, ಅಮೃತಾ..."

"ಸತ್ತಾಕಿ ಯಾರು? ನಾನೇನು?"

ದೇವಿಂದ್ರಪ್ಪ ಸಿಪ್ಪೆಯನ್ನು ನೋಡಿದ. ಅದು ಏನೂ ಸಹಾಯ ಮಾಡಲಿಲ್ಲ.

"ಮೊದಲನೇ ಪುಟದಾಗೇ ಕೊಂದೀರಲ್ರಿ ನನ್ನ! 'ಅಯ್ಯೋ' ಅಂತ ಒಂದ ಮಾತು ಆಡಿ ಸತ್ತೀನಿ. ಜಯಾಗ ನೋಡಿದ್ರ ಉದ್ದೂದ್ದ ಮಾತು, ಕಮಲದಂಥ ಕಣ್ಣು, ಹಾವಿನಂಥಾ ನಗಿ!"

"ನನ್ನ ಕೊಲಿಗಾರ್ತಿ ಮಾಡ್ಯಾರ, ಸಿಟ್ಟು ನನಗ ಬರಬೇಕು," ಜಯದೇವಿಯೂ ಎದ್ದಳು. "ನಿನಗ್ಯಾಕ ಹೊಟ್ಟಿಕಿಚ್ಚು?"

"ಹೊಟ್ಟಿಕಿಚ್ಚು ಯಾರದು? ನಾ ತಂದ ಸೀರಿ ಬಣ್ಣ ಮುಂದಿನ ಸಂತ್ಯಾಗ ನಿನ್ನ ಮೈಮ್ಯಾಲ ಇರ್ತದ!"

"ನಾ ಉಂಡಿ ಕಳಿಸಿದ್ರ ನೀ ಗೋಡಂಬಿ ಎಣಸ್ತಿ!"

"ಬಾವಿ ಕಟ್ಟಿ ಮ್ಯಾಲ ನನ್ನ ಕೊಡ ತಳ್ಳಿ ಒಡದಾಕಿ ನೀ!"

"ಒಡಕ ಕೊಡ ಇತ್ತದು!"

ದೇವಿಂದ್ರಪ್ಪ ಇತ್ತ ನೋಡಿದ, ಅತ್ತ ನೋಡಿದ. ಅವನು ಹೆದರಿದ್ದೆಲ್ಲ ಕಣ್ಣೆದುರಿಗೇ ನಡೆಯುತ್ತಿತ್ತು. ಒಂದೇ ಬಾವಿಯ ಇಬ್ಬರು ಅವನ ಎರಡು ಪುಟದ ಕತೆಗಾಗಿ ಹಿತ್ತಲಲ್ಲಿ ಹೋರಿಗಳಾಗಿ ನಿಂತಿದ್ದರು. "ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ" ಎನ್ನಲು ಬಾಯಿ ತೆರೆದ. ಆಗ ಜಯದೇವಿ ಅಂದಳು:

"ನನ್ನ ಕೊಲ್ಲಾಕ ನಿನಗ ವಿಷ ಯಾಕ ಬೇಕು? ನಿನ್ನ ಮಗಳ ತೊಟ್ಟಿಲದ ದಿನ ಒಲಿ ಮುಂದ ಕೂಡ್ಸಿದ್ಯಲ್ಲ, ಸಾಲ್ದೇನು?"

ಈ ಮಾತಿಗೆ ದನಿ ಏರಿರಲಿಲ್ಲ. ಉಳಿದ ಮಾತುಗಳಿಗಿಂತ ಮೆಲ್ಲಗೇ ಬಂದಿತ್ತು. ಯಾರದೋ ಮಣೆಯ ಮೇಲಿನ ಎಳೆಗಳು ಕಡಿದು ಕೆಳಗೆ ಬಿದ್ದವು.

"ನಿನ್ನ ಮ್ಯಾಲ ಭರೋಸ ಇತ್ತಂತ ಕೂಡ್ಸಿದ್ದೆ," ಎಂದಳು ಅಮೃತ.

ದೇವಿಂದ್ರಪ್ಪ ಇಬ್ಬರ ನಡುವೆ ಮೊಣಕಾಲೂರಿ ಬಿದ್ದ. "ತಪ್ಪಾತು! ಅವ್ವಾ, ತಾಯೀ, ನನ್ನ ಸಲುವಾಗಿ ನೀವಿಬ್ಬರೂ ಬ್ಯಾರೆ ಆಗಬ್ಯಾಡ್ರಿ. ಏನು ಹೇಳ್ತೀರಿ, ಅದನ್ನ ಮಾಡ್ತೀನಿ."

ಅಷ್ಟರಲ್ಲಿ ಪುತಳಾಬಾಯಿ ದೇವರ ಮುಂದಿನ ದೀಪವನ್ನೇ ಎತ್ತಿಕೊಂಡು ಬಂದಿದ್ದಳು. "ದೀಪ ಮುಟ್ಟಿ ಆಣಿ ಮಾಡ್ರಿ ಅಳಿಯಾರ."

"ಮಾಡ್ತೀನಿ. ಏನಂತ?"

ಲಲಿತಾಬಾಯಿ ಕನ್ನಡಕ ಸರಿಮಾಡಿಕೊಂಡು, ಒಂದೂ ಸಂದಿ ಬಿಡದೆ ಹೇಳಿಕೊಟ್ಟಳು: "ಇವರಿಬ್ಬರ ನಡುವ ಇದ್ದದ್ದು, ಇಲ್ಲದ್ದು, ನಾ ಕಂಡದ್ದು, ಕೇಳಿದ್ದು, ಒಂದಕ್ಷರಾನೂ ಇನ್ನ ಮ್ಯಾಲ ಬರಿಯೂದಿಲ್ಲ. ಹೆಸರು ಬದಲಿಸಿ ಬರಿಯೂದಿಲ್ಲ. ಊರು ಬದಲಿಸಿ ಬರಿಯೂದಿಲ್ಲ."

ದೇವಿಂದ್ರಪ್ಪ ದೀಪ ಮುಟ್ಟಿ ಅಷ್ಟನ್ನೂ ಹೇಳಿದ. ಕೊನೆಯ ಮಾತು ಬಾಯಿಂದ ಬಿದ್ದದ್ದೇ ತಡ, ಹಿತ್ತಲಿಗೆ ಹಿತ್ತಲೇ ನಗುವಿನಲ್ಲಿ ಸ್ಫೋಟಿಸಿತು. ಕಣಕ ನಾದುವವರು ಕಣಕದ ಮೇಲೇ ಬಿದ್ದರು.

"ನಿನ್ನಿ ಸಂಜಿಗೇ ನಮ್ಮ ಮನ್ಯಾಗ ಓದೀವ್ರಿ ದೇವಿಂದ್ರಪ್ಪಾರ," ಲಲಿತಾಬಾಯಿ ಕಣ್ಣೊರೆಸಿಕೊಂಡಳು. "ನೆಗ್ಗು ಬಂದ ಕೂಡ್ಲೆ ಅಮೃತಾ, 'ಇದು ನಮ್ಮ ಬಟ್ಟಲಾ, ಇಂವ ನಮ್ಮವನಾ' ಅಂದ್ಲು. ನಿಮಗ ಸುದ್ದಿ ಮುಟ್ಟಸಂತ ನಾನೇ ಅಂಬಣ್ಣಗ ಹೇಳಿ ಬಂದಿದ್ದೆ."

"ಅಂದ್ರ ಈ ಜಗಳ..."

"ಮೋಟಾರದಾಗ ಬರೋ ಮುಂದ ಆಡ್ಕೊಂಡು ಬಂದಿದ್ರು. ಯಾರು ಏನನ್ನಬೇಕು, ಎಲ್ಲಾ."

"ಹಣಿಗಿ ಅಂದ್ರಲ್ಲ," ಪುತಳಾಬಾಯಿಗೆ ಮಾತೇ ಹೊರಡಲಿಲ್ಲ, "ಹಣಿಗಿ ಅಂದಾಗ ನಗಿ ತಡಕೊಂಡು ನನ್ನ ಜೀವಾ ಹೋಗೂದಾಗಿತ್ತು!"

ದೇವಿಂದ್ರಪ್ಪ ಪೆಚ್ಚಾಗಿ ಕೂತ. ಆಮೇಲೆ ಅವನಿಗೂ ನಗು ಬಂತು. ಗೆಳೆತನದ ಒಳಗೆ ಹಗೆ ಇದೆ ಎಂದು ಅವನು ಬರೆದ. ಅವರು ಜೊತೆಗೂಡಿ ಅವನ ಮೇಲೇ ಇಷ್ಟು ಚೊಕ್ಕ ಸಂಚು ಮಾಡಿ ತೋರಿಸಿದರು. ಎರಡನೇ ಭಾಗ ಹೋಯಿತು, ಹೋಗಲಿ. ಹೇಗೂ ಕಾರಣ ಸಿಕ್ಕಿರಲಿಲ್ಲ. ಬಾಗಿಲಿಗೆ ಬಾಗಿಲು ಎದುರಾಗಿ ತೆರೆದಿದ್ದರೆ ಸಾಕು. ಹಸಿ ಶಾವಿಗೆಯನ್ನು ಬೇಯಿಸಿ, ಹಾಲು ಬೆಲ್ಲ ಹಾಕಿ ಕೊಟ್ಟರು. ಎರಡು ಸಲ ಹಾಕಿಸಿಕೊಂಡು ಉಂಡ. ಅಮೃತ ಮತ್ತು ಜಯದೇವಿಯೂ ಎಲ್ಲರ ಜೊತೆ ನಕ್ಕಿದ್ದರು. ಆದರೆ ಅವರ ನಗು ಉಳಿದವರಿಗಿಂತ ತುಸು ತಡವಾಗಿ ಬಂದಿತ್ತು. ಉಣ್ಣುವ ಗಡಿಬಿಡಿಯಲ್ಲಿ ಅವನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಉಳಿದ ಶಾವಿಗೆ ಮುಗಿಸಲೆಂದು ಲಲಿತಾಬಾಯಿ ಅಲ್ಲೇ ಉಳಿದಳು. ಮೂವರೂ ಸಂಜೆಯ ಮೋಟಾರು ಹತ್ತಿದರು. ಅಮೃತ, ಜಯದೇವಿ ಮುಂದಿನ ಸೀಟಿನಲ್ಲಿ ಕೂತರು. ಅವರ ಹಿಂದೆ ದೇವಿಂದ್ರಪ್ಪ. ಅರ್ಧ ದಾರಿಗೆ ಬರುವಷ್ಟರಲ್ಲಿ ಮೋಟಾರಿನ ಮೂತಿಯಿಂದ ಹೊಗೆ ಏಳತೊಡಗಿತು. ಡ್ರೈವರ್ ಬೈದುಕೊಳ್ಳುತ್ತ ಇಂಜಿನ್ ಬಂದ್ ಮಾಡಿ, ಡಬ್ಬಿ ಹಿಡಿದು ನೀರು ತರಲು ಹೊಲದ ಬಾವಿಯ ಕಡೆ ಹೋದ. ಗಂಡಸರು ಬೀಡಿ ಸೇದಲು ಇಳಿದರು. ದಣಿದಿದ್ದ ದೇವಿಂದ್ರಪ್ಪ ರುಮಾಲನ್ನು ಮುಖದ ಮೇಲೆಳೆದುಕೊಂಡು ಒರಗಿದ. ಸುತ್ತಲೂ ಬಯಲು. ಎಲೆ ಅಲುಗಿದರೂ ಕೇಳಿಸುವಷ್ಟು ಶಾಂತ.

"ಆ ಒಲಿ ಮಾತು ನಾವು ಆಡ್ಕೊಂಡಿದ್ದಿಲ್ಲ," ಅಮೃತಳ ದನಿ.

"ಇಲ್ಲ."

"ಮತ್ತ?"

"ಬಾಯಿಗೆ ಬಂತು, ಅಂದುಬಿಟ್ಟೆ."

ರುಮಾಲಿನ ಕೆಳಗೆ ದೇವಿಂದ್ರಪ್ಪನ ಕಣ್ಣುಗಳು ತೆರೆದವು. ಹೆಸರಿಡುವ ತೊಟ್ಟಿಲಿನ ದಿನ ಮಕ್ಕಳೊಂದಿಗರೆಲ್ಲ ಸುತ್ತ ನಿಂತು, ಕೂಸನ್ನು ತೊಟ್ಟಿಲ ಮೇಲಿಂದ, ಕೆಳಗಿನಿಂದ, ಕೈಯಿಂದ ಕೈಗೆ ದಾಟಿಸುತ್ತಾರೆ. ಜಯದೇವಿಗೆ ಮಕ್ಕಳಿಲ್ಲ. ಅಂಥವರನ್ನು ತೊಟ್ಟಿಲ ಹತ್ತಿರ ಕರೆಯುವುದಿಲ್ಲ. ಅಂದು ಅವಳು ಎಲ್ಲಿದ್ದಳು ಎಂದು ಇಷ್ಟು ವರ್ಷಗಳಲ್ಲಿ ಒಂದು ಸಲವೂ ಅವನಿಗೆ ಅನಿಸಿರಲಿಲ್ಲ.

"ಅತ್ತಿ ಹೇಳಿದ್ರು ಜಯಾ."

"ಗೊತ್ತದ. ಅವ್ರು ಹೇಳೋ ಮುಂದ ನಾ ಬಾಗಲದಾಗೇ ನಿಂತಿದ್ದೆ. ನೀ ಏನಂತಿ ಅಂತ ಕೇಳಾಕ ನಿಂತಿದ್ದೆ."

ಅಮೃತಳ ಬಳೆಗಳ ಸದ್ದಾಯಿತು.

"ನೀ ಹೊರಗ ಬಂದು, 'ಹುಗ್ಗಿ ನಿನ್ನ ಕೈಯಾಗಿದ್ರ ನನಗ ಚಿಂತಿ ಇಲ್ಲ ಜಯಾ' ಅಂದಿ. ನಕ್ಕೋತ ಅಂದಿ."

"ನೀನೂ ನಕ್ಕಿ."

"ನಕ್ಕೆ. ಒಳಗ ಹಾಡು ಹೇಳಾಕತ್ತಿದ್ರಿ. ನನ್ನ ಕೈಯಾಗ ಉಪ್ಪಿನ ಡಬ್ಬಿ ಇತ್ತು. ಮುಚ್ಚಳ ತೆಗದಿದ್ದೆ. ಇಷ್ಟೂ ಸುರುವಿಬಿಡ್ಲಿ, ಊರ ಮುಂದ ಇಕಿ ಮಾನ ಹೋಗ್ಲಿ ಅನಿಸ್ತು."

"ಯಾಕ ಸುರುವಲಿಲ್ಲ?"

"ಕೂಸಿನ ಹೆಸರಿಂದಿತ್ತಲ್ಲ ಹುಗ್ಗಿ."

ದೇವಿಂದ್ರಪ್ಪ ತಿಂಗಳುಗಟ್ಟಲೆ ಉಗುರು ಕಚ್ಚಿ ಹುಡುಕಿದ ಕಾರಣ ಇದು. ವಿಷವಲ್ಲ, ಉಪ್ಪು. ಗುಂಗುರು ಕೂದಲಲ್ಲ, ಬಾಗಿಲಲ್ಲಿ ನಿಂತು ಕಾದ ಒಂದು ಮಾತು. ನೂರು ಜನ ಉಣ್ಣುವ ಪಾತ್ರೆಯ ಮೇಲೆ, ಮುಚ್ಚಳ ತೆಗೆದ ಡಬ್ಬಿ ಹಿಡಿದ ಕೈ, ಒಳಗಿನಿಂದ ಜೋಗುಳ. ಇದನ್ನು ಬರೆದರೆ ಧಾರವಾಡದ ಸಂಪಾದಕರು ಎದ್ದು ನಿಂತು ಓದುತ್ತಿದ್ದರು. ಅವನ ಬಲಗೈ ತಾನಾಗಿ ಲೇಖನಿ ಹಿಡಿಯುವಂತೆ ಮಡಚಿಕೊಂಡಿತು. ಮಧ್ಯಾಹ್ನ ದೀಪ ಮುಟ್ಟಿದ ಕೈಯೂ ಅದೇ. ಹೆಸರು ಬದಲಿಸುವಂತಿಲ್ಲ. ಊರು ಬದಲಿಸುವಂತಿಲ್ಲ. ಲಲಿತಾಬಾಯಿ ಎಲ್ಲ ಸಂದಿಗಳನ್ನೂ ಮುಚ್ಚಿದ್ದಳು.

"ಸುರುವಬೇಕಿತ್ತು ನೀ," ಅಮೃತ ಅಂದಳು. "ಅವತ್ತೇ ಜಗಳಾಡಿ ಮುಗಸ್ತಿದ್ವಿ."

"ಹ್ಞೂ," ಅಂದಳು ಜಯದೇವಿ. "ಈಗರ ಆಡಿದ್ವಲ್ಲ."

ಸೀಟು ಕಿರುಗುಟ್ಟಿತು. ಅಮೃತ ಹಿಂದಕ್ಕೆ ತಿರುಗಿದ್ದಳು. "ಏನ್ರೀ, ಎದ್ದೀರೇನು? ಏನರ ಕೇಳಿಸ್ತಾ?"

ದೇವಿಂದ್ರಪ್ಪ ರುಮಾಲು ಸರಿಸಿ, ಆಗಷ್ಟೇ ಎದ್ದವನಂತೆ ಕಣ್ಣುಜ್ಜಿಕೊಂಡ. "ಎಲ್ಲಿ ಕೇಳಸ್ತದ? ಈ ಮೋಟಾರಿನ ಸಪ್ಪಳದಾಗ ಒಂದು ಮಾತೂ ಕೇಳಿಸಲಿಲ್ಲ."

ಡ್ರೈವರ್ ಇನ್ನೂ ಬಾವಿಯಿಂದ ಬಂದಿರಲಿಲ್ಲ. ಗೆಳತಿಯರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಹೌದ್ ನೋಡ್ರಿ ಅಣ್ಣಾರ," ಜಯದೇವಿ ಅಂದಳು, "ಭಾಳ ಸಪ್ಪಳದ."